ಸೀರ್ ತೊರ್ಶಿ: ನೀಲಿಗಟ್ಟಿದ ಬೆಳ್ಳುಳ್ಳಿಯನ್ನು ಎಸೆಯಬೇಕೆ?

ಪ್ರಶ್ನೆ:
ಇರಾನಿನ ಬೆಳ್ಳುಳ್ಳಿ ಉಪ್ಪಿನಕಾಯಿಯಾದ ಸೀರ್ ತೊರ್ಶಿಯನ್ನು ಮೊದಲ ಬಾರಿಗೆ ಹಾಕಿದ್ದೇನೆ. ಹೊರಸಿಪ್ಪೆಯನ್ನಷ್ಟೇ ಸುಲಿದ ಇಡೀ ಗಡ್ಡೆಗಳನ್ನು ಗಾಜಿನ ಭರಣಿಗೆ ತುಂಬಿ, ಅವು ಮುಳುಗುವಷ್ಟು ವಿನೆಗರ್ ಸುರಿದು ಉಪ್ಪು ಹಾಕಿಟ್ಟೆ. ಹತ್ತನೆಯ ದಿನ ನೋಡಿದರೆ ಎಸಳುಗಳ ಬುಡ ಮೈಲುತುತ್ತದಂತೆ ನೀಲಿಯಾಗಿದೆ. ಬೂಷ್ಟಿಲ್ಲ, ಕೆಟ್ಟ ವಾಸನೆಯೂ ಇಲ್ಲ. ಇದನ್ನು ತಿನ್ನಬಹುದೆ? ಏಳು ವರ್ಷ ಇಟ್ಟದ್ದಕ್ಕೆ ಹೆಚ್ಚು ಬೆಲೆಯೆಂದು ಕೇಳಿದ್ದೇನೆ. ಅಷ್ಟು ಕಾಲ ಅದು ಉಳಿಯುವುದಾದರೂ ಹೇಗೆ?

ಉತ್ತರ 1:
ದಯವಿಟ್ಟು ಎಸೆಯಬೇಡಿ. ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ಆಮ್ಲದಲ್ಲಿ ಅಮೈನೊ ಆಮ್ಲಗಳೊಡನೆ ಸೇರಿದಾಗ ಇಂಥ ನೀಲಿ ಅಥವಾ ಹಸಿರು ಬಣ್ಣ ಹುಟ್ಟುತ್ತದೆ; ತಣ್ಣನೆಯ ಜಾಗದಲ್ಲಿ ಬಹಳ ದಿನ ಇಟ್ಟಿದ್ದ ಗಡ್ಡೆಗಳಲ್ಲಿ ಇದು ಇನ್ನಷ್ಟು ಎದ್ದು ಕಾಣುತ್ತದೆ. ಅಪಾಯವೇನೂ ಇಲ್ಲ. ಚೀನಾದ ಉತ್ತರ ಭಾಗದಲ್ಲಿ ಲಾಬಾ ಬೆಳ್ಳುಳ್ಳಿಯನ್ನು ಹಸಿರಾಗಲೆಂದೇ ವಿನೆಗರ್‌ನಲ್ಲಿ ನೆನೆಸಿಡುತ್ತಾರೆ.

ಇನ್ನು ಏಳು ವರ್ಷದ ಮಾತು. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ್ ಮತ್ತು ಮಾಜಂದರಾನ್ ಪ್ರಾಂತ್ಯಗಳಲ್ಲಿ ಸೀರ್ ತೊರ್ಶಿ ಮನೆಮನೆಯ ಪದಾರ್ಥ. ಕಾಲ ಕಳೆದಂತೆ ಎಸಳುಗಳು ಕಂದಾಗಿ, ಕೊನೆಗೆ ಕಪ್ಪಾಗುತ್ತವೆ. ಘಾಟು ಅಡಗಿ ಸಿಹಿ ಮುಂದಾಗುತ್ತದೆ. ಬೆರಳಿನಿಂದ ಒತ್ತಿದರೆ ತಿರುಳು ಬೆಣ್ಣೆಯಂತೆ ಸಿಪ್ಪೆಯಿಂದ ಜಾರಿ ಬರುತ್ತದೆ. ಕಾಪಾಡುವುದು ವಿನೆಗರ್‌ನ ಆಮ್ಲವೇ ಆದ್ದರಿಂದ ಅದಕ್ಕೆ ನೀರು ಬೆರೆಸಬಾರದು, ಗಡ್ಡೆಗಳು ಸದಾ ಮುಳುಗಿರಬೇಕು. ಹುಳಿಯಿಲ್ಲದ ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿಯನ್ನು ಹೊರಗಿಡುವುದು ಮಾತ್ರ ನಿಜಕ್ಕೂ ಅಪಾಯಕರ. ಎರಡನ್ನೂ ಒಂದೇ ಎಂದು ಭಾವಿಸಬೇಡಿ.

ಉತ್ತರ 2:
ಮೇಲಿನ ಮಾತಿಗೆ ಒಂದನ್ನು ಸೇರಿಸುತ್ತೇನೆ. ಪಾರಸಿಯಲ್ಲಿ ‘ತೊರ್ಶ್’ ಎಂದರೆ ಹುಳಿ, ‘ಶೂರ್’ ಎಂದರೆ ಉಪ್ಪು. ವಿನೆಗರ್‌ನಲ್ಲಿ ಹಾಕಿದ್ದು ತೊರ್ಶಿ, ಮುಖ್ಯವಾಗಿ ಉಪ್ಪುನೀರನ್ನೇ ನೆಚ್ಚಿದ್ದು ಶೂರ್. ಹೂಕೋಸು, ಕ್ಯಾರೆಟ್, ಸೆಲರಿ ಮುಂತಾದವನ್ನು ಬೆರೆಸಿ ಮಾಡುವ ತೊರ್ಶಿ ಮಖ್ಲೂತ್‌ನಲ್ಲಿ ಹೆಚ್ಚಿನವರು ಎಡವುವುದು ತರಕಾರಿ ತೊಳೆದ ಮೇಲೆ. ಬಟ್ಟೆಯ ಮೇಲೆ ಹರಡಿ, ಹೂಕೋಸಿನ ಸಂದಿಯ ತೇವವೂ ಆರುವ ತನಕ ಕಾಯುವ ತಾಳ್ಮೆ ಇರುವುದಿಲ್ಲ. ಹೀಗೆ ಉಳಿದ ನೀರು ವಿನೆಗರ್ ಅನ್ನು ತೆಳುವಾಗಿಸುತ್ತದೆ. ಬದನೆಕಾಯಿಯನ್ನು ವಿನೆಗರ್‌ನಲ್ಲಿ ಬೇಯಿಸಿ ಅರೆಯುವ ಲೀತೆ ನನಗೆ ಎಲ್ಲಕ್ಕಿಂತ ಇಷ್ಟ, ಆದರೆ ಗೊಲ್ಪರ್ ಎಂಬ ಮಸಾಲೆ ಬೀಜದ ಪುಡಿ ಇಲ್ಲದಿದ್ದರೆ ಅದನ್ನು ಮಾಡುವ ಗೋಜಿಗೇ ನಾನು ಹೋಗುವುದಿಲ್ಲ. ಕಿತ್ತಳೆ ಸಿಪ್ಪೆಯನ್ನು ನೆನಪಿಸುವ, ತುಸು ಕಹಿಯಾದ ಆ ಬೀಜದ ಪರಿಮಳಕ್ಕೆ ಬದಲಿ ಇಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಎರಡು ಗಡ್ಡೆಗಳು ವಿನೆಗರ್‌ನ ಮೇಲೆ ತಲೆಯೆತ್ತಿದ್ದವು. ಈಗಷ್ಟೇ ಇನ್ನೊಂದು ಲೋಟ ಸುರಿದು ಮುಚ್ಚಳ ಬಿಗಿದು, ಭರಣಿಯ ಮೇಲೆ ಇಂದಿನ ತಾರೀಖಿನ ಚೀಟಿ ಅಂಟಿಸಿದ್ದೇನೆ.