ಗಾಯವಿಲ್ಲ, ಗೀರಿಲ್ಲ, ಆದರೂ ಚರ್ಮದಿಂದ ರಕ್ತ: ಚರ್ಮದ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ರಾಣೆಬೆನ್ನೂರು ಕಡೆಯ ತಾಯಿ):
ಡಾಕ್ಟ್ರೇ, ನಮಸ್ಕಾರ ರೀ. ನನ್ನ ಮಗಳಿಗೆ 12 ವರ್ಷ. ದೀಪಾವಳಿ ಆದಮೇಲಿಂದ ಅವಳ ಹಣೆಯಿಂದ, ಕಿವಿ ಪಕ್ಕದಿಂದ ಇದ್ದಕ್ಕಿದ್ದಂತೆ ರಕ್ತ ಬರುತ್ತದೆ. ಎರಡು ಮೂರು ನಿಮಿಷ ಇದ್ದು ತಾನೇ ನಿಲ್ಲುತ್ತದೆ. ಒರೆಸಿ ನೋಡಿದರೆ ಒಂದು ಗೀರೂ ಇರುವುದಿಲ್ಲ. ಬರೋಕೆ ಮುಂಚೆ "ಅವ್ವಾ, ಹಣೆ ಚುಮುಚುಮು ಅಂತದ" ಅಂತಾಳೆ. ಇಲ್ಲಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಪ್ಲೇಟ್‌ಲೆಟ್ 2 ಲಕ್ಷ 80 ಸಾವಿರ ಇದೆ, ಎಲ್ಲ ಸರಿ ಇದೆ ಅಂದರು. ರಕ್ತ ನಿಲ್ಲಿಸೋ ಇಂಜೆಕ್ಷನ್ ಕೊಟ್ಟರು, ಏನೂ ಫರಕು ಆಗಲಿಲ್ಲ. ಓಣಿಯಲ್ಲಿ ಕೆಲವರು ಮೈಮೇಲೆ ದೇವರು ಬಂದಿದೆ ಅಂತಾರೆ. ನಮ್ಮ ಅತ್ತೆಯವರು ಹುಡುಗಿ ಕುಂಕುಮದ ನೀರು ಹಚ್ಚಿಕೊಂಡು ನಾಟಕ ಮಾಡ್ತಾಳೆ ಅಂತಾರೆ. ಇದು ಕ್ಯಾನ್ಸರ್ ಏನಾದರೂ ಇರಬಹುದಾ? ರಾತ್ರಿ ನಿದ್ದೆ ಬರ್ತಿಲ್ಲ ನನಗೆ.

ಉತ್ತರ (ಡಾಕ್ಟರ್):
ಅಮ್ಮಾ, ಮೊದಲು ಒಂದು ಸಮಾಧಾನದ ಮಾತು. ನೀವು ಬರೆದಿರುವುದನ್ನು ನೋಡಿದರೆ ಕ್ಯಾನ್ಸರ್ ಅನ್ನಿಸುವುದಿಲ್ಲ. ರಕ್ತದ ಕ್ಯಾನ್ಸರಿನಲ್ಲಿ ಚರ್ಮದ ಒಳಗೆ ಕೆಂಪು ಚುಕ್ಕೆ, ನೀಲಿ ಕಲೆ ಏಳುತ್ತವೆ. ಒಸಡು, ಮೂಗಿನಿಂದ ರಕ್ತ ಬರುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಜ್ವರ ಬಿಡುವುದಿಲ್ಲ, ರಕ್ತ ಪರೀಕ್ಷೆಯಲ್ಲಿ ಕಣಗಳ ಲೆಕ್ಕ ಏರುಪೇರಾಗಿರುತ್ತದೆ. ನೀವು ಹೇಳಿದ್ದರಲ್ಲಿ ಅದ್ಯಾವುದೂ ಇಲ್ಲ.

ಕಾಯಿಲೆಗೆ ಹೆಸರಿಡುವ ಮುಂಚೆ ಒಂದು ವಿಷಯ ಖಚಿತವಾಗಬೇಕು. ಬರ್ತಿರೋದು ನಿಜವಾಗಿ ರಕ್ತವೇನಾ? ಅದಕ್ಕೆ ಮಗುವನ್ನು ಆಸ್ಪತ್ರೆಯಲ್ಲಿ ಕೂರಿಸಿ ನೋಡಬೇಕು. ಹಣೆಯನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಒರೆಸಿ, ಬೆಳಕಿನಲ್ಲಿ ಕಾಯಬೇಕು. ನಿಜವಾದ ಪ್ರಕರಣದಲ್ಲಿ ಬೆವರು ರಂಧ್ರಗಳಲ್ಲಿ ಸಾಸಿವೆಗಿಂತ ಚಿಕ್ಕ ಕೆಂಪು ಚುಕ್ಕೆಗಳು ಮೂಡುತ್ತವೆ. ಆಮೇಲೆ ಒಂದಕ್ಕೊಂದು ಕೂಡಿ ಹನಿಯಾಗಿ ಇಳಿಯುತ್ತವೆ. ಆ ಹನಿಯನ್ನು ಅಲ್ಲೇ ಗಾಜಿನ ಸ್ಲೈಡ್ ಮೇಲೆ ತೆಗೆದುಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ರಕ್ತಕಣ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ದೊಡ್ಡ ಖರ್ಚಿನ ಪರೀಕ್ಷೆ ಏನಲ್ಲ. ಆಸ್ಪತ್ರೆಯಲ್ಲಿ ಕೂತಾಗಲೇ ಬರಬೇಕು ಅಂತ ಏನಿಲ್ಲ ಅಲ್ವಾ, ಅದಕ್ಕೆ ಮನೆಯಲ್ಲಿ ಬಂದಾಗ ಮೊಬೈಲಿನಲ್ಲಿ ವಿಡಿಯೋ ಮಾಡಿ. ಶುರುವಾದ ಕ್ಷಣದಿಂದ ಮಾಡಿ, ಒರೆಸಿದ ಮೇಲಿನ ಚರ್ಮವೂ ಕಾಣಲಿ.

ಜೊತೆಗೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳನ್ನೂ ಮಾಡಿಸಿ. ಪಿಟಿ, ಎಪಿಟಿಟಿ ಎರಡೂ ಬೇಕು. ಪ್ಲೇಟ್‌ಲೆಟ್ ಎಣಿಕೆ ಸರಿ ಇದ್ದರೂ ಅವು ಕೆಲಸ ಸರಿಯಾಗಿ ಮಾಡದ ಕಾಯಿಲೆಗಳಿವೆ. ವಾನ್ ವಿಲ್ಲಿಬ್ರಾಂಡ್ ಅನ್ನೋ ಹುಟ್ಟಿನಿಂದ ಬರುವ ತೊಂದರೆಯೂ ಇದೆ. ಮನೆಯಲ್ಲಿ ಯಾರಿಗಾದರೂ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದ್ದರೆ, ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಒದ್ದಾಡಿದ್ದರೆ ಅದನ್ನು ಡಾಕ್ಟರಿಗೆ ಹೇಳಿ.

ಇವೆಲ್ಲ ಸರಿ ಇದ್ದು ಸ್ಲೈಡಿನಲ್ಲಿ ರಕ್ತಕಣ ಕಂಡರೆ ಅದಕ್ಕೆ ಹೆಮಟೊಹೈಡ್ರೋಸಿಸ್ ಅಂತಾರೆ. ಸರಳವಾಗಿ ಹೇಳಿದರೆ ರಕ್ತದ ಬೆವರು. ಬಹಳ ಅಪರೂಪ, ಆದರೆ ನಮ್ಮ ದೇಶದಿಂದಲೂ ವರದಿಗಳಿವೆ. ಹೆಚ್ಚಾಗಿ ಕಾಣೋದು ಹುಡುಗಿಯರಲ್ಲಿ, ಯುವತಿಯರಲ್ಲಿ. ಬೆವರು ಗ್ರಂಥಿಗಳ ಸುತ್ತ ಸಣ್ಣ ಸಣ್ಣ ರಕ್ತನಾಳಗಳಿವೆ. ಭಯ, ಒತ್ತಡ ಜಾಸ್ತಿಯಾದಾಗ ಅವು ಬಿಗಿಯಾಗಿ, ಆಮೇಲೆ ಒಮ್ಮೆಲೇ ಹಿಗ್ಗಿ, ರಕ್ತ ಗ್ರಂಥಿಯೊಳಗೆ ನುಗ್ಗಿ ಬೆವರಿನ ದಾರಿಯಲ್ಲೇ ಹೊರಗೆ ಬರುತ್ತದೆ ಅನ್ನೋದು ಹೆಚ್ಚಿನವರು ಒಪ್ಪುವ ವಿವರಣೆ. 2017ರಲ್ಲಿ ಕೆನಡಾದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇಟಲಿಯ 21 ವರ್ಷದ ಯುವತಿಯ ವಿವರ ಬಂದಿತ್ತು. ಮೂರು ವರ್ಷದಿಂದ ಅವಳ ಮುಖ, ಅಂಗೈಗಳಿಂದ ರಕ್ತ ಬರುತ್ತಿತ್ತು. ಮಲಗಿದ್ದಾಗಲೂ ಬರುತ್ತಿತ್ತು. ಒಂದರಿಂದ ಐದು ನಿಮಿಷ ಇರುತ್ತಿತ್ತು. ನಾಚಿಕೆಯಿಂದ ಅವಳು ಜನರ ಜೊತೆ ಬೆರೆಯೋದನ್ನೇ ಬಿಟ್ಟಿದ್ದಳು. ಪ್ರೊಪ್ರನೊಲಾಲ್ ಅನ್ನೋ ಮಾತ್ರೆ ಕೊಟ್ಟ ಮೇಲೆ ಪೂರ್ತಿ ನಿಲ್ಲದಿದ್ದರೂ ಬಹಳ ಕಡಿಮೆಯಾಯಿತು.

ಅದೇ ಮಾತ್ರೆ ನಮ್ಮಲ್ಲೂ ಸಿಗುತ್ತದೆ, ಬೆಲೆಯೂ ಕಡಿಮೆ. ಆದರೆ ದಯವಿಟ್ಟು ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡಬೇಡಿ. ಉಬ್ಬಸ ಇರುವ ಮಕ್ಕಳಿಗೆ ಅದು ಅಪಾಯ. ನಾಡಿ ಬಡಿತ ಇಳಿಸುತ್ತದೆ, ಊಟ ಬಿಟ್ಟರೆ ಸಕ್ಕರೆ ಅಂಶ ಕೆಳಗೆ ಹೋಗಬಹುದು. ಶುರು ಮಾಡಿದ ಮೇಲೆ ತಟ್ಟನೆ ನಿಲ್ಲಿಸಲೂ ಬಾರದು. ತೂಕ ನೋಡಿ ಡಾಕ್ಟರೇ ಬರೆಯಬೇಕು. ರಕ್ತ ನಿಲ್ಲಿಸೋ ಇಂಜೆಕ್ಷನ್ ಮಾತ್ರ ಸಾಕು ಮಾಡಿ. ಹೆಪ್ಪುಗಟ್ಟುವ ಶಕ್ತಿ ಸರಿ ಇದ್ದಾಗ ಅದರಿಂದ ಪ್ರಯೋಜನವಿಲ್ಲ, ಮಗುವಿಗೆ ಚುಚ್ಚಿದ ನೋವು ಅಷ್ಟೇ.

ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಕೆಲವು ಮಕ್ಕಳು ಬಣ್ಣ ಹಚ್ಚಿಕೊಳ್ಳೋದು, ಚರ್ಮ ಚುಚ್ಚಿಕೊಳ್ಳೋದು ಉಂಟು, ಇಲ್ಲ ಅನ್ನಲ್ಲ. ಹಾಗೆ ಆಗಿದ್ದರೂ ಆ ಮಗುವಿಗೆ ಏನೋ ಸಂಕಟ ಇದೆ ಅಂತಲೇ ಅರ್ಥ. ಬೈದು ಹೊಡೆದು ಅದನ್ನು ಹೊರಗೆ ತರೋಕೆ ಆಗಲ್ಲ. ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಸುಮ್ನೆ ಕೇಳಿ. ಶಾಲೆಯಲ್ಲಿ ಏನಾದರೂ ಆಯಿತಾ, ಯಾರಾದರೂ ಹೆದರಿಸ್ತಾರಾ, ಯಾರಾದರೂ ಮುಟ್ಟಬಾರದ ಹಾಗೆ ಮುಟ್ಟಿದ್ದಾರಾ? ಉತ್ತರ ತಕ್ಷಣ ಬರದಿದ್ದರೆ ಬಲವಂತ ಮಾಡಬೇಡಿ. ಮನಸ್ಸಿನ ವಿಷಯ ಮಾತಾಡಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳ ಸಹಾಯವಾಣಿ 1098. ಮತ್ತೆ ದೇವರು ಬಂದಿದೆ ಅಂತ ಜನ ಬಂದು ಅವಳ ಕಾಲಿಗೆ ಬೀಳೋದನ್ನು ಇವತ್ತೇ ತಡೆಯಿರಿ. ಅದು ಮಗುವಿನ ಮೇಲೆ ಇನ್ನಷ್ಟು ಭಾರ ಹಾಕುತ್ತದೆ.

ಅದೇ ತಾಯಿ, ಕೆಲವು ವಾರಗಳ ನಂತರ:
ಮೇಡಂ, ಜಿಲ್ಲಾ ಆಸ್ಪತ್ರೆಗೆ ಹೋಗಿದ್ದೆವು. ಸ್ಲೈಡಿನಲ್ಲಿ ರಕ್ತಕಣ ಇದೆ ಅಂದರು, ಬೇರೆ ಪರೀಕ್ಷೆ ಎಲ್ಲ ಸರಿ ಇವೆ. ನೀವು ಹೇಳಿದ ಮಾತ್ರೆಯನ್ನೇ ಸಣ್ಣ ಡೋಸಿನಲ್ಲಿ ಬರೆದಿದ್ದಾರೆ. ಹೊಸ ಶಾಲೆಯ ಹಾಸ್ಟೆಲಿನಲ್ಲಿ ದೊಡ್ಡ ಹುಡುಗಿಯರು ಕಾಡ್ತಿದ್ದರಂತೆ, ಅಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಈಗ ಮನೆಯಿಂದಲೇ ಹೋಗಿ ಬರ್ತಾಳೆ. ಮೊದಲು ದಿನಾ ಬರ್ತಿತ್ತು, ಈಗ ವಾರಕ್ಕೆ ಒಂದು ಸಲ.

ಉತ್ತರ:
ಓದಿ ನೆಮ್ಮದಿಯಾಯಿತು. ಬಾಯಿ ಬಿಟ್ಟು ಹೇಳಿದಳಲ್ಲ, ಅದೇ ದೊಡ್ಡದು. ಪರೀಕ್ಷೆ ಹತ್ತಿರ ಬಂದಾಗ ಮತ್ತೆ ಜಾಸ್ತಿ ಆಗಬಹುದು, ಗಾಬರಿ ಬೇಡ. ತರಗತಿಯ ಟೀಚರಿಗೆ ಒಂದು ಮಾತು ತಿಳಿಸಿ. ಬ್ಯಾಗಿನಲ್ಲಿ ಒಂದು ಒದ್ದೆ ಕರವಸ್ತ್ರ ಇರಲಿ, ಒರೆಸಿಕೊಂಡು ಪಾಠ ಕೇಳಲಿ.

ಪ್ರಶ್ನೆ (ಬೆಂಗಳೂರು, ಗಾರ್ಮೆಂಟ್ಸ್ ಕೆಲಸ):
ನನಗೂ ಹೀಗೇ ಅನ್ಸುತ್ತೆ ಡಾಕ್ಟ್ರೇ. ಬೆವರು ಕೆಂಪು ಕಿತ್ತಳೆ ಬಣ್ಣ, ಬನಿಯನ್ ಕಲೆ ಆಗಿದೆ. ಮೂತ್ರ ಕೂಡ ಹಾಗೇ. ಎರಡು ವಾರದಿಂದ ಟಿಬಿ ಮಾತ್ರೆ ತಗೋತಿದ್ದೀನಿ. ಹೆದರಿ ನಿನ್ನೆಯಿಂದ ಬಿಟ್ಟಿದ್ದೀನಿ.

ಉತ್ತರ:
ಇವತ್ತೇ ಮತ್ತೆ ಶುರು ಮಾಡಿ. ಅದು ರಕ್ತ ಅಲ್ಲ. ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಬಣ್ಣ. ಮೂತ್ರ, ಬೆವರು, ಕಣ್ಣೀರು, ಉಗುಳು ಎಲ್ಲಕ್ಕೂ ಆ ಬಣ್ಣ ಬರುತ್ತದೆ. ಕೋರ್ಸ್ ಮುಗಿದ ಮೇಲೆ ಹೋಗುತ್ತದೆ. ಒಂದು ದಿನ ಬಿಟ್ಟಿದ್ದನ್ನು ಟಿಬಿ ಕೇಂದ್ರದಲ್ಲಿ ತಿಳಿಸಿ, ಬೈಯಲ್ಲ ಅವರು. ಮಧ್ಯದಲ್ಲಿ ನಿಲ್ಲಿಸಿದರೆ ಮಾತ್ರೆಗೆ ಬಗ್ಗದ ಟಿಬಿ ಬರಬಹುದು, ಹೆದರಬೇಕಾದದ್ದು ಅದಕ್ಕೆ. ಕಣ್ಣು ಅಥವಾ ಚರ್ಮ ಹಳದಿಯಾದರೆ, ವಾಂತಿ ಬಂದರೆ ಮಾತ್ರ ತಡಮಾಡದೆ ತೋರಿಸಿ.

ಪ್ರಶ್ನೆ (ಮಂಡ್ಯ ಕಡೆಯ ತಂದೆ):
ಮೇಡಂ, ನನ್ನ ಮಗನಿಗೆ ನಾಲ್ಕು ವರ್ಷ. ಹದಿನೈದು ದಿನದ ಹಿಂದೆ ಶೀತ ಜ್ವರ ಬಂದು ಹೋಯ್ತು. ಈಗ ಕಾಲಿನ ತುಂಬ ಕೆಂಪು ಚುಕ್ಕೆ, ಮೊಣಕಾಲಿನ ಹತ್ತಿರ ನೀಲಿ ಕಲೆ. ಆಟ, ಊಟ ಎಲ್ಲ ಚೆನ್ನಾಗಿದೆ. ಸೊಳ್ಳೆ ಕಚ್ಚಿದ್ದು ಅಂದ್ಕೊಂಡಿದ್ದೆವು. ಅಜ್ಜಿ ಪರಂಗಿ ಎಲೆ ರಸ ಕುಡಿಸ್ತಿದ್ದಾರೆ. ಸಾಕಾಗುತ್ತಾ?

ಉತ್ತರ:
ಸಾಕಾಗಲ್ಲ, ಇವತ್ತೇ ರಕ್ತ ಪರೀಕ್ಷೆ ಆಗಬೇಕು. ಹೊರಡೋ ಮುಂಚೆ ಮನೆಯಲ್ಲೇ ಒಂದು ನೋಡಿ. ಪಾರದರ್ಶಕ ಗಾಜಿನ ಲೋಟವನ್ನು ಚುಕ್ಕೆಗಳ ಮೇಲೆ ಒತ್ತಿ ಹಿಡಿಯಿರಿ. ಸೊಳ್ಳೆ ಕಡಿತ, ಅಲರ್ಜಿ ಗಂದೆ ಒತ್ತಿದಾಗ ಮಾಯವಾಗುತ್ತದೆ. ರಕ್ತ ಚರ್ಮದೊಳಗೆ ಸೋರಿದ್ದರೆ ಲೋಟದ ಅಡಿಯಲ್ಲೂ ಕೆಂಪಗೇ ಕಾಣುತ್ತದೆ. ಚುಕ್ಕೆ ಮಾಯವಾದರೂ ನೀಲಿ ಕಲೆ ಇರೋದರಿಂದ ಪರೀಕ್ಷೆ ತಪ್ಪಿಸಬೇಡಿ.

ವೈರಲ್ ಜ್ವರ ಬಂದು ಹೋದ ಮೇಲೆ ಈ ವಯಸ್ಸಿನ ಮಕ್ಕಳಲ್ಲಿ ಹೀಗಾಗುವುದಕ್ಕೆ ಬಹಳ ಸಲ ಕಾರಣ ಐಟಿಪಿ. ಮೈಯ ರಕ್ಷಣಾ ಶಕ್ತಿ ದಾರಿ ತಪ್ಪಿ ತನ್ನದೇ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡುತ್ತದೆ. ಪ್ಲೇಟ್‌ಲೆಟ್ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದೊಳಗೆ ಇರಬೇಕು. ಈ ಕಾಯಿಲೆಯಲ್ಲಿ ಹತ್ತು ಸಾವಿರಕ್ಕೂ ಕೆಳಗೆ ಹೋಗಬಹುದು. ಅಂಕಿ ನೋಡಿ ಎದೆ ಒಡೆದುಕೊಳ್ಳಬೇಡಿ. ಹತ್ತು ಮಕ್ಕಳಲ್ಲಿ ಏಳೆಂಟು ಮಕ್ಕಳಿಗೆ ಆರು ತಿಂಗಳೊಳಗೆ ತಾನೇ ಸರಿಹೋಗುತ್ತದೆ. ಬರೀ ಚುಕ್ಕೆ ಇದ್ದರೆ ಎಷ್ಟೋ ಸಲ ಔಷಧ ಕೊಡದೆ ನಿಗಾ ಇಡುತ್ತೇವೆ. ಬಾಯಿ, ಮೂಗಿನಿಂದ ರಕ್ತ ಬಂದರೆ ಸ್ಟೀರಾಯ್ಡ್ ಅಥವಾ ಇಮ್ಯುನೊಗ್ಲಾಬ್ಯುಲಿನ್ ಕೊಡುತ್ತಾರೆ.

ಒಂದು ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಯಂತ್ರದ ಎಣಿಕೆಯ ಜೊತೆಗೆ ಪೆರಿಫೆರಲ್ ಸ್ಮಿಯರ್ ಕೇಳಿ. ಪೆಥಾಲಜಿ ಡಾಕ್ಟರು ಕಣ್ಣಾರೆ ಸ್ಲೈಡ್ ನೋಡಬೇಕು. ಕೆಲವರ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಟ್ಯೂಬಿನಲ್ಲೇ ಗುಂಪುಗೂಡುತ್ತವೆ. ಯಂತ್ರ ಅವನ್ನು ಎಣಿಸದೆ ಸುಳ್ಳು ಲೆಕ್ಕ ಕೊಡುತ್ತದೆ. ಅದಕ್ಕಿಂತ ಮುಖ್ಯ, ಲುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಇದ್ದರೆ ಅದರ ಸುಳಿವು ಸ್ಲೈಡಿನಲ್ಲಿ ಸಿಗುತ್ತದೆ. ಸ್ಮಿಯರ್ ನೋಡದೆ ಯಾರೂ ಸ್ಟೀರಾಯ್ಡ್ ಶುರು ಮಾಡಬಾರದು, ಕೊಟ್ಟರೆ ಲುಕೇಮಿಯಾ ಮರೆಯಾಗಿ ಕೂರುತ್ತದೆ.

ಚುಕ್ಕೆಗಳು ಕೈಗೆ ಉಬ್ಬಾಗಿ ಸಿಕ್ಕರೆ, ಕಾಲು ಮತ್ತು ಕುಂಡೆಯ ಮೇಲೆ ಜಾಸ್ತಿ ಇದ್ದು ಹೊಟ್ಟೆನೋವು, ಕೀಲುನೋವು ಇದ್ದರೆ ಅದು ರಕ್ತನಾಳದ ಉರಿಯೂತ. ಅದರಲ್ಲಿ ಪ್ಲೇಟ್‌ಲೆಟ್ ಸರಿ ಇರುತ್ತದೆ, ಮೂತ್ರ ಪರೀಕ್ಷೆ ಬೇಕು. ಇನ್ನು ಜ್ವರ ಇದ್ದು, ಮಗು ಮಂಕಾಗಿ, ನೇರಳೆ ಕಲೆಗಳು ನೋಡನೋಡುತ್ತಾ ಹರಡಿದರೆ ಒಂದು ಗಂಟೆಯೂ ಕಾಯಬೇಡಿ, 108ಕ್ಕೆ ಕರೆ ಮಾಡಿ. ಜೋರು ತಲೆನೋವು, ವಾಂತಿ, ಕಪ್ಪು ಮಲ ಇದ್ದರೂ ಅಷ್ಟೇ.

ಪರಂಗಿ ಎಲೆಯ ಬಗ್ಗೆ ಎಲ್ಲರೂ ಕೇಳ್ತೀರಿ. ಡೆಂಗ್ಯೂನಲ್ಲಿ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರುತ್ತದೆ ಅಂತ ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ. ಆದರೆ ಡೆಂಗ್ಯೂನಲ್ಲಿ ಜೀವಕ್ಕೆ ಮುಳುವಾಗೋದು ಹೆಚ್ಚಾಗಿ ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಬೀಳೋದು. ಅದು ಜ್ವರ ಇಳಿಯುವ ಹೊತ್ತಿಗೇ ಆಗುತ್ತದೆ. ಜ್ವರ ಬಿಟ್ಟಿತು ಅಂತ ಮನೆಯವರು ನಿರಾಳವಾಗೋದೂ ಅದೇ ಹೊತ್ತಿಗೆ. ಎಲೆ ರಸ ಅದನ್ನು ತಡೆಯಲ್ಲ. ಕಹಿ ರಸ ಕುಡಿಸಿ ಮಗು ವಾಂತಿ ಮಾಡಿದರೆ ನೀರಿನಂಶ ಇನ್ನೂ ಕಡಿಮೆಯಾಗುತ್ತದೆ. ಅಜ್ಜಿಯವರ ಪ್ರೀತಿಗೆ ಬೇರೆ ದಾರಿ ಕೊಡಿ, ಗಂಜಿ, ಎಳನೀರು ಕುಡಿಸಲಿ. ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಮಾಂಸಖಂಡಕ್ಕೆ ಇಂಜೆಕ್ಷನ್ ಹಾಕಿಸಬೇಡಿ.

ಪ್ರಶ್ನೆ (ಹಾಸನ):
ತಂದೆಗೆ 71 ವರ್ಷ. ಹೃದಯದ ಕವಾಟ ಬದಲಾಯಿಸಿ ಎಂಟು ವರ್ಷ ಆಯಿತು, ರಕ್ತ ತೆಳು ಮಾಡೋ ಅಸಿಟ್ರೋಮ್ ಮಾತ್ರೆ ತಗೊಳ್ತಾರೆ. ಮಂಡಿನೋವಿಗೆ ಪಕ್ಕದ ಅಂಗಡಿಯ ಮಾತ್ರೆ ನುಂಗ್ತಿದ್ದರು. ಈಗ ಎರಡೂ ಮುಂಗೈ ಮೇಲೆ ಅಂಗೈ ಅಗಲ ನೇರಳೆ ಕಲೆ, ಹಲ್ಲುಜ್ಜಿದರೆ ರಕ್ತ. ಅಸಿಟ್ರೋಮ್ ನಿಲ್ಲಿಸಲಾ?

ಉತ್ತರ:
ನೀವಾಗಿ ನಿಲ್ಲಿಸಬೇಡಿ. ಕೃತಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಪಾರ್ಶ್ವವಾಯು ಹೊಡೆಯುತ್ತದೆ. ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಪಿಟಿ ಐಎನ್ಆರ್ ಪರೀಕ್ಷೆ ಇವತ್ತೇ ಮಾಡಿಸಿ, ಮುಂದಿನ ಡೋಸ್ ಬಗ್ಗೆ ಹೃದ್ರೋಗ ಡಾಕ್ಟರನ್ನು ಫೋನಿನಲ್ಲಾದರೂ ಕೇಳಿ. ಯಾವ ಕವಾಟ ಅನ್ನೋದರ ಮೇಲೆ ಐಎನ್ಆರ್ ಸಾಮಾನ್ಯವಾಗಿ 2ರಿಂದ 3 ಅಥವಾ 2.5ರಿಂದ 3.5ರೊಳಗೆ ಇರಬೇಕು. ನೋವಿನ ಮಾತ್ರೆ ಈಗಲೇ ನಿಲ್ಲಿಸಿ. ಅಂಗಡಿಯವರು ಬಿಡಿಬಿಡಿಯಾಗಿ ಪೊಟ್ಟಣ ಕಟ್ಟಿಕೊಡುವ ಮಾತ್ರೆಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಕೂಡ ಇರುತ್ತದೆ. ವರ್ಷಗಟ್ಟಲೆ ತಿಂದರೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗಿ ಮುಟ್ಟಿದರೆ ಕಲೆ ಏಳುತ್ತದೆ. ಆ ಪೊಟ್ಟಣವನ್ನು ಇವತ್ತೇ ಡಾಕ್ಟರಿಗೆ ತೋರಿಸಿ. ಸ್ಟೀರಾಯ್ಡ್ ಇದ್ದು ಬಹಳ ದಿನ ತಿಂದಿದ್ದರೆ ಅದನ್ನು ಅವರು ನಿಧಾನವಾಗಿ ಇಳಿಸಬೇಕಾಗುತ್ತದೆ. ವಯಸ್ಸಾದವರಿಗೆ ಮುಂಗೈ ಕಲೆ ಮಾತ್ರ ಇದ್ದರೆ ಅಷ್ಟು ಚಿಂತೆ ಇಲ್ಲ. ಒಸಡಿನ ರಕ್ತ ಸೇರಿದ್ದರಿಂದ ಇದನ್ನು ನಾಳೆಗೆ ತಳ್ಳಬೇಡಿ. ತಲೆಗೆ ಪೆಟ್ಟು ಬಿದ್ದಿದ್ದರೆ ಫೋನು ಬೇಡ, ಸೀದಾ ಆಸ್ಪತ್ರೆ.

ಪ್ರಶ್ನೆ (ಸಾಗರ ತಾಲ್ಲೂಕು):
ಅಡಿಕೆ ತೋಟಕ್ಕೆ ದರಗು (ಒಣ ಎಲೆ) ತರೋಕೆ ಕಾಡಿಗೆ ಹೋಗ್ತೀವಿ. ನಮ್ಮ ಕೆಲಸದವರಿಗೆ ನಾಲ್ಕು ದಿನದಿಂದ ಜೋರು ಜ್ವರ, ಮೈಕೈ ನೋವು, ಕಣ್ಣು ಕೆಂಪು. ಇವತ್ತು ಒಸಡಿನಲ್ಲಿ ರಕ್ತ. ಮಂಗನ ಕಾಯಿಲೆ ಇರಬಹುದಾ?

ಉತ್ತರ:
ಇರಬಹುದು, ಹಾಗಂತಲೇ ತಿಳಿದು ಈಗಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. 1957ರಲ್ಲಿ ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಇದನ್ನು ಮೊದಲು ಗುರುತಿಸಿದ್ದು. ಉಣುಗು ಕಚ್ಚಿ ಬರುತ್ತದೆ, ಡಿಸೆಂಬರಿನಿಂದ ಮೇ ತನಕ ಜಾಸ್ತಿ. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ಆದರೆ ನೀರಿನಂಶ, ಬಿಪಿ, ರಕ್ತ ಸರಿಯಾಗಿ ನೋಡಿಕೊಂಡರೆ ಬಹಳಷ್ಟು ಜನ ಉಳಿಯುತ್ತಾರೆ. ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಬರೀ ಡೆಂಗ್ಯೂ ಪರೀಕ್ಷೆ ಮಾಡಿ ಕಳಿಸಿಬಿಡಬಹುದು. ಉಳಿದವರು ಕಾಡಿಗೆ ಹೋಗುವಾಗ ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ತಕ್ಷಣ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸುತ್ತಮುತ್ತ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಆಶಾ ಕಾರ್ಯಕರ್ತೆಗೆ ಜಾಗ ತಿಳಿಸಿ.