ಬಾಡಿಗೆ ಬಾಕಿ ಇದೆ, ಓನರ್ ಬೀಗ ಹಾಕ್ತೀನಿ ಅಂತಿದ್ದಾರೆ. ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನ ವಿಜಯನಗರದಲ್ಲಿ. ಬಾಡಿಗೆ 16,000, ಅಡ್ವಾನ್ಸ್ ಒಂದು ಲಕ್ಷ ಕೊಟ್ಟಿದ್ದೇವೆ. ನಮ್ಮ ಯಜಮಾನರ ಕೆಲಸ ಹೋಗಿ ಎರಡು ತಿಂಗಳ ಬಾಡಿಗೆ ನಿಂತಿದೆ. ಓನರ್ ಕೆಟ್ಟವರೇನಲ್ಲ, ಅವರಿಗೂ ಮನೆ ಸಾಲ ಇದೆ. ಆದರೆ ಈಗ "ಭಾನುವಾರದೊಳಗೆ ಖಾಲಿ ಮಾಡಿ, ಇಲ್ಲಾಂದ್ರೆ ಕರೆಂಟ್ ತೆಗೆಸಿ ಬೀಗ ಹಾಕ್ತೀನಿ" ಎಂದು ವಾಟ್ಸಾಪ್ ಮಾಡಿದ್ದಾರೆ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆಗೆ ಅನ್ವಯಿಸುವುದಿಲ್ಲವಂತೆ. (ಈಗ 3,500ಕ್ಕೆ ಮನೆ ಎಲ್ಲಿದೆ, ಅಲ್ವಾ?) ಹಾಗಾಗಿ ನಮಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಅದರ ಪ್ರಕಾರವೂ ನೋಟಿಸ್ ಕೊಡಬೇಕು, ನಾವು ಬಿಡದಿದ್ದರೆ ಕೋರ್ಟಿಗೆ ಹೋಗಬೇಕು. ಸುಮ್ನೆ ಬೀಗ ಜಡಿಯುವ ಹಾಗಿಲ್ಲ. ಬಾಡಿಗೆ ಕಟ್ಟಿಲ್ಲ ಎಂದೇ ಕೇಸ್ ಹಾಕಿದರೆ, ವಿಚಾರಣೆಯಲ್ಲಿ ಬಾಕಿ, ಬಡ್ಡಿ, ಕೋರ್ಟ್ ಖರ್ಚು ಕಟ್ಟಿದವರಿಗೆ ಜಡ್ಜ್ ಮನೆ ಉಳಿಸಿಕೊಡಬಹುದು ಎಂದು 114ನೇ ಸೆಕ್ಷನ್ ಹೇಳುತ್ತದೆ. ಬಲವಂತವಾಗಿ ಹೊರಗೆ ಹಾಕಿದರೆ ಆರು ತಿಂಗಳೊಳಗೆ ದಾವೆ ಹೂಡಬಹುದು.

ಕಾನೂನು ಓದಿದ್ದಾಯಿತು, ಭಾನುವಾರ ಮಾತ್ರ ಹತ್ತಿರ ಬರುತ್ತಿದೆ. ಬಾಕಿಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಎಂದು ಬರೆದುಕೊಟ್ಟರೆ ಓನರ್‌ಗಳು ಒಪ್ಪುತ್ತಾರಾ? ಯಾರಾದರೂ ಹಾಗೆ ಮಾಡಿದ್ದೀರಾ? ನಿಜವಾಗಲೂ ಕರೆಂಟ್ ತೆಗೆಸಿದರೆ ಮೊದಲು ಠಾಣೆಗೆ ಹೋಗಬೇಕಾ, ಲಾಯರ್ ಹತ್ತಿರ ಹೋಗಬೇಕಾ? 15100ಕ್ಕೆ (ಉಚಿತ ಕಾನೂನು ನೆರವಿನ ಸಹಾಯವಾಣಿ) ಫೋನ್ ಮಾಡು, ಹೆಂಗಸರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡ್ತಾರೆ ಎಂದರು ಪಕ್ಕದ ಮನೆ ಆಂಟಿ. ಅಗ್ರಿಮೆಂಟ್ ಯಜಮಾನರ ಹೆಸರಲ್ಲಿದೆ. ನಾನು ಅರ್ಜಿ ಹಾಕಿದರೆ ನಡೆಯುತ್ತಾ? ಗೊತ್ತಿರುವವರು ದಯವಿಟ್ಟು ಹೇಳಿ.