ಪದಚರ್ಚೆ: 'ಮೆಟಾಸ್ಟಾಸಿಸ್'ಗೆ ಫ್ಲೆಕ್ಸ್ ಮ್ಯಾಲೆ ಏನ್ ಬರೀಲಿ? (ಅರ್ಜೆಂಟ್)

ಧಾರವಾಡದ ಅನುವಾದಕಿ:
ಎಲ್ಲಾರಿಗೂ ನಮಸ್ಕಾರ. ಹುಬ್ಬಳ್ಳ್ಯಾಗ ಒಂದು ಕ್ಯಾನ್ಸರ್ ತಿಳುವಳಿಕಿ ಶಿಬಿರ ಐತಿ, ನಾಳೆ ಮುಂಜಾನಿ ಹತ್ತಕ್ಕ ಫ್ಲೆಕ್ಸ್ ಪ್ರಿಂಟಿಗೆ ಹೋಗಬೇಕು. ಡಾಕ್ಟ್ರು ಕೊಟ್ಟ ಇಂಗ್ಲಿಷ್ ವಾಕ್ಯದ ತಾತ್ಪರ್ಯ ಇಷ್ಟ: ರಕ್ತದಾಗ ಕೊಬ್ಬು ಹೊತ್ಕೊಂಡು ತಿರುಗೋ ಅಪೋಲಿಪೋಪ್ರೋಟೀನ್ ಅಂತ ಅದಾವು, ಅವುಗಳ ಪ್ರಮಾಣಕ್ಕೂ ಕ್ಯಾನ್ಸರ್ ಮೈಯಾಗ ಬ್ಯಾರೆ ಕಡೆ ಹೋಗೋದಕ್ಕೂ (ಇದಕ್ಕ ಮೆಟಾಸ್ಟಾಸಿಸ್ ಅಂತಾರ) ನಂಟು ಐತೇನು, ಅವನ್ನ 'ರಿಸ್ಕ್ ಮಾರ್ಕರ್' ಅಂತ ಬಳಸಬಹುದೇನು ಅಂತ ಸಂಶೋಧನೆ ನಡದೈತಿ. ನಾ ಮೊದಲ ಬರದದ್ದು "ಕ್ಯಾನ್ಸರ್ ಹರಡುವ ಅಪಾಯದ ಸೂಚಕ: ರಕ್ತಕೊಬ್ಬಿನ ಸಸಾರಜನಕಗಳು". ಇದನ್ನ ಮನಿಗೆಲಸಕ್ಕ ಬರೋ ಅಕ್ಕನ ಮುಂದ ಓದಿದೆ. ಆಕಿ ಕೇಳಿದ್ದು ಒಂದ ಮಾತು, "ಹಂಗಾರ ಕ್ಯಾನ್ಸರ್ ಆದವ್ರ ತಾಟಿನ್ಯಾಗ ಉಣಬಾರದೇನ್ರೀ ಬಾಯಾರ?" ಹರಡು ಅಂದ ಕೂಡ್ಲೆ ಮಂದಿ ತಲ್ಯಾಗ ಕರೋನಾನ ಬರ್ತದ. ಬ್ಯಾರೆ ಶಬ್ದ ಕೊಡ್ರಿ, ರಾತ್ರಿ ಒಳಗ.

ಗದಗಿನ ಪ್ರೂಫ್ ರೀಡರ್:
ಮೆಟಾಸ್ಟಾಸಿಸ್ ಆಮ್ಯಾಲೆ ನೋಡೋಣ. ಅಪೋಲಿಪೋಪ್ರೋಟೀನ್ ಗ್ರೀಕ್ ಅಂತ ಹೆದರಬ್ಯಾಡ್ರಿ, ಗ್ರೀಕಿನ 'ಅಪೋ' ನಮ್ಮ 'ಅಪ' ಉಪಸರ್ಗದ ಒಡಹುಟ್ಟಿದ್ದು, 'ಲಿಪೋಸ್' ಅಂದ್ರ ಕೊಬ್ಬು, ಅದು ಸಂಸ್ಕೃತದ ಲಿಪ್ ಧಾತುವಿನ ಬಳಗ. ಲೇಪ, ಲೇಪನ ಸೈತ ಅದ ಬಳ್ಳಿ ಕಾಯಿ. ಹಂಗಾಗಿ 'ಅಪಲೇಪ' ಅಂತ ಬರೀರಿ, ಅರ್ಥಾನೂ ಸರಿ ಕೂಡ್ತದ, ಕೊಬ್ಬಿನಿಂದ ಬಿಡಿಸಿದ ಪ್ರೋಟೀನ್. ಇಷ್ಟು ಚಂದ ಶಬ್ದ ಕೈಯಾಗ ಇಟ್ಕೊಂಡು ಯಾಕ ಅಳ್ತೀರಿ.

ಹುಬ್ಬಳ್ಳಿ ಲ್ಯಾಬಿನಾಂವ:
ಅಪಲೇಪ ಅಂದ್ರ ಸುಣ್ಣ ಕಿತ್ತ ಗ್ವಾಡಿ ನೆನಪಾತ್ರಿ ಸರ. ರಿಪೋರ್ಟಿನ್ಯಾಗ ಈ ಪ್ರೋಟೀನಿನ ಹೆಸರು ಅಪೋ ಎ-1, ಅಪೋ ಬಿ ಅಂತ ಬರ್ತೈತಿ, ಪೇಶಂಟ್ ಅದನ್ನ ಹಿಡ್ಕೊಂಡು ಫ್ಲೆಕ್ಸ್ ನೋಡ್ತಾನ, ಹೆಸರು ಬದಲಾದ್ರ ಎರಡಕ್ಕೂ ಸಂಬಂಧ ಇಲ್ಲ ಅನ್ಕೋತಾನ. ಎಲ್‌ಡಿಎಲ್ ಕಣ ಅನ್ನೋದು ರಕ್ತದಾಗ ಕೊಬ್ಬು ಸಾಗಿಸೋ ಟಂಟಂ ಇದ್ದಂಗ, ಅಪೋ ಬಿ ಅದರ ಡ್ರೈವರ್, ಒಂದು ಗಾಡಿಗೆ ಒಬ್ಬಾಂವ ಅಷ್ಟ. ಡ್ರೈವರ್ ಎಣಿಸಿದ್ರ ಗಾಡಿ ಎಣಿಸಿದಂಗಾತು. ಅಪೋ ಎ-1 ಎಚ್‌ಡಿಎಲ್ ಅನ್ನೋ ಇನ್ನೊಂದು ಗಾಡೀದು. ಇವನ್ನ ನಾವು ಮಾಡೋದು ಹಾರ್ಟಿನ ಸಲುವಾಗಿ, ಕ್ಯಾನ್ಸರ್ ಎಲ್ಲಿಗೆ ಹೊಂಟೈತಿ ಅಂತ ಹೇಳಾಕ ಅಲ್ಲ. ಮತ್ತ 'ಮಾರ್ಕರ್' ಅಂದ್ರ ಕಾರಣ ಅಲ್ರಿ. ಬಾಗಲ ಮುಂದ ಚಪ್ಪಲಿ ಭಾಳ ಇದ್ರ ಒಳಗ ಮಂದಿ ಭಾಳ ಅದಾರ ಅಂತ ತಿಳೀತೈತಿ, ಚಪ್ಪಲೀನ ಮಂದೀನ್ನ ಕರಕೊಂಡ್ ಬಂದಿಲ್ಲ. 'ಅಪಾಯದ ಸೂಚಕ' ಅಂದ್ರ ಮಂದಿ ನಾಳಿಂದ ಎಣ್ಣಿ ಬಿಡ್ತಾರ, ಟ್ರೀಟ್‌ಮೆಂಟ್ ಬಿಡ್ತಾರ.

ಹಾವೇರಿ ಮಾಸ್ತರ:
ಸೂಚಕ, ಅಪಾಯ, ಸಸಾರಜನಕ, ಒಂದರ ಕನ್ನಡ ಐತೇನ್ರಿ ಇದ್ರಾಗ? ಸಾರಜನಕ ಅಂದ್ರ ನೈಟ್ರೋಜನ್, ಅದಕ್ಕೊಂದು 'ಸ' ಹಚ್ಚಿ ಸಾಲಿ ಹುಡುಗರ ನಾಲಿಗಿ ತಿರುವಿದ್ದ ಬಂತು, ಯಾವ ಅವ್ವ ಮಗನಿಗೆ ಸಸಾರಜನಕ ಉಣ್ಣು ಅಂದಾಳ? ಗುರುತು, ಕುರುಹು ಇರೂದು ಯಾಕ? ಕ್ಯಾನ್ಸರಿಗೆ ಏಡಿಹುಣ್ಣು ಅನ್ರಿ, ಆ ಲ್ಯಾಟಿನ್ ಶಬ್ದದ ಅರ್ಥಾನೂ ಏಡಿನ. ಮೆಟಾಸ್ಟಾಸಿಸಿಗೆ 'ಹಬ್ಬುಗೆ'. ಮುಗೀತು.

ಗದಗಿನ ಪ್ರೂಫ್ ರೀಡರ್:
ಏಡಿಹುಣ್ಣು! ಫ್ಲೆಕ್ಸ್ ನೋಡಿದಾಂವ ಕೆರ್‍ಯಾಗ ಕಾಲಿಡೂದು ಬಿಡ್ತಾನ. ತಾವು ಜ್ವರ ಬಂದಾಗ ಎಲ್ಲಿಗೆ ಹೋಗ್ತೀರಿ ಮಾಸ್ತರ? ದವಾಖಾನಿಗೆ. ದವಾ ಅರಬ್ಬಿ, ಖಾನಾ ಪಾರಸಿ. ಉಣ್ಣೂದು ಖಾನಾವಳ್ಯಾಗ, ಅದು ಮರಾಠಿ. ಅವೆಲ್ಲಾ 'ಬರೋಬ್ಬರಿ' ನಡೀತಾವ, ಸಂಸ್ಕೃತ ಅಷ್ಟ ಗಂಟಲಾಗ ಸಿಗ್ತದೇನು?

ಹಾವೇರಿ ಮಾಸ್ತರ:
ದವಾಖಾನಿ ಮಂದಿ ಬಾಯಾಗ ಅರದು ಅರದು ನಮ್ಮದಾಗೇತಿ. ನಿಮ್ಮ ಅಪಲೇಪ ಇವತ್ತ ಮಧ್ಯಾಹ್ನ ಹುಟ್ಟೇತಿ. ವ್ಯತ್ಯಾಸ ತಿಳೀಲಿಲ್ಲಂದ್ರ ಬಿಡ್ರಿ.

ನವಲಗುಂದದ ರೈತ:
ನಡುವ ಬಾಯಿ ಹಾಕ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ. 'ಹಬ್ಬುಗೆ' ಕೂಡೂದಿಲ್ರಿ ಮಾಸ್ತರ. ನಮ್ಮ ಹೊಲದಾಗ ಕರಿಕಿ ಹಬ್ಬತೈತಿ, ಗೆಣ್ಣಿಗೆ ಗೆಣ್ಣು ಬೇರು ಬಿಟ್ಕೊಂತ, ಎಳದ್ರ ಇಡೀ ಸಾಲ ಎದ್ದ ಬರ್ತೈತಿ. ಎಕ್ಕಿ ಹಂಗಲ್ಲ, ಕಾಯಿ ಒಡದು ಅರಳಿ ಹಾರಿ ಎಲ್ಲೋ ಬದುವಿನ್ಯಾಗ ಬಿದ್ದು ಅಲ್ಲೇ ಹುಟ್ಟತೈತಿ, ತಾಯಿ ಗಿಡ ಕಡದ್ರೂ ಅದಕ್ಕ ಏನೂ ಆಗೂದಿಲ್ಲ. ನಮ್ಮ ಕಾಕಾಗ ಆಗಿತ್ತು, ಕರಳಿಂದ ಲಿವರಿಗೆ. ಡಾಕ್ಟ್ರು "ಹಬ್ಬೇತಿ" ಅಂದ್ರು, ನಾವು ನಡುವಿಂದೆಲ್ಲಾ ಕೆಟ್ಟೈತಿ ಅನ್ಕೊಂಡ್ವಿ. ಹಂಗಿರಲಿಲ್ಲ.

ಹುಬ್ಬಳ್ಳಿ ಲ್ಯಾಬಿನಾಂವ:
ಕರೆಕ್ಟ್. ಕಣ ಮೂಲ ಗಡ್ಡಿ ಬಿಟ್ಟು ರಕ್ತದಾಗೋ ಲಿಂಫ್ ಅನ್ನೋ ಮೈರಸದಾಗೋ ಹೋಗಿ ಬ್ಯಾರೆ ಕಡೆ ಕೂಡ್ತಾವು, ಹಾರಿದ್ದೆಲ್ಲಾ ನಾಟೂದಿಲ್ಲ. ಪ್ಯಾಜೆಟ್ ಅನ್ನೋ ಇಂಗ್ಲಂಡಿನ ಸರ್ಜನ್ 1889ರಾಗ ಇದನ್ನ ಬೀಜ ಮತ್ತ ಮಣ್ಣು ಅಂತನ ಹೇಳಿದ್ದ. ನವಲಗುಂದದವ್ರು ಓದಲಾರದ ಹೇಳಿದ್ರು.

ಧಾರವಾಡದ ಅನುವಾದಕಿ:
ಥ್ಯಾಂಕ್ಸ್ ಅಣ್ಣಾರ, ನೀವು ಹೇಳಿದಮ್ಯಾಲೆ 'ನೆಲೆಯೂರು' ಹೊಳೀತು. ಮೆಟಾಸ್ಟಾಸಿಸ್ ಅನ್ನೋದಕ್ಕೂ ಮೂಲದಾಗ ಜಾಗ ಬದಲಿ ಅಂತನ ಅರ್ಥ, ಹೋಗೂದು ಊರೂದು ಎರಡೂ ಬಂತು. ಫ್ಲೆಕ್ಸಿಗೆ ಹಿಂಗ ಕಳಸಾಕತ್ತೀನಿ: "ಕ್ಯಾನ್ಸರ್ ಇದ್ದ ಜಾಗ ಬಿಟ್ಟು ದೇಹದ ಬೇರೆ ಭಾಗದಲ್ಲಿ ನೆಲೆಯೂರುವ ಸಾಧ್ಯತೆಗೆ ರಕ್ತದ ಅಪೋಲಿಪೋಪ್ರೋಟೀನ್ ಒಂದು ಗುರುತಾಗಬಹುದೇ? ಸಂಶೋಧನೆ ನಡೆದಿದೆ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ." ಕಡೀ ವಾಕ್ಯ ಇಂಗ್ಲಿಷಿನ್ಯಾಗ ಇಲ್ಲ, ನಮ್ಮ ಅಕ್ಕನ ಸಲುವಾಗಿ ಸೇರಿಸೇನಿ, ಡಾಕ್ಟ್ರು ಹೂಂ ಅಂದ್ರು. ಮಾಸ್ತರ, ನಿಮ್ಮ 'ಗುರುತು' ಇಟ್ಕೊಂಡೀನಿ.

ಹಾವೇರಿ ಮಾಸ್ತರ:
'ಸಂಶೋಧನೆ' ಯಾಕ ಉಳೀತು? 'ಅರಕೆ ನಡೆದಿದೆ' ಅನ್ರಿ.

ಗದಗಿನ ಪ್ರೂಫ್ ರೀಡರ್:
ಅನ್ರಿ ಅನ್ರಿ. ಡಾಕ್ಟ್ರು ಯಲ್ಲಮ್ಮಗ ಹರಕಿ ಹೊತ್ತಾರ ಅಂತ ಓದ್ತಾರ ಮಂದಿ.